ಇರುಳ ಹಲ್ಲಿಗೂ ಬಿಸಿಲು ಬೇಕೆ?

ಮಕ್ಕಳೇ, ಸಂಜೆ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ನಿಮ್ಮ ಮನೆಯ ಗೋಡೆಯ ಮೇಲೆ ಯಾರು ಹಾಜರಾಗುತ್ತಾರೆ? ಹೌದು, ಹಲ್ಲಿ. ದೀಪದ ಸುತ್ತ ಹಾರುವ ಹುಳುಗಳನ್ನು ಅದು ಮೆಲ್ಲಗೆ ಹೊಂಚು ಹಾಕಿ ಹಿಡಿಯುವುದನ್ನು ನೀವು ನೋಡಿದ್ದೀರಿ. ಅದು ಲೊಚಗುಟ್ಟಿದಾಗ ಅಜ್ಜಿ ನೆಲವನ್ನು ಬೆರಳಿನಿಂದ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುವುದನ್ನೂ ಕೇಳಿರಬಹುದು. ಹಗಲಿನಲ್ಲಿ ಅದು ಹೆಚ್ಚಾಗಿ ಕಾಣುವುದಿಲ್ಲ. ಹಂಚಿನ ಸಂದಿಯಲ್ಲೋ, ಗೋಡೆಗೆ ತೂಗುಹಾಕಿದ ಪಟದ ಹಿಂದೆಯೋ ಅಡಗಿರುತ್ತದೆ.

ಈಗ ಒಂದು ಪ್ರಶ್ನೆ. ಹಗಲೆಲ್ಲ ಅಡಗಿ ರಾತ್ರಿ ಹೊರಬರುವ ಇಂಥ ಪ್ರಾಣಿಗೆ ಬಿಸಿಲು ಬೇಕೆ? ‘ಬೇಡ’ ಎಂದು ನೀವು ಹೇಳಬಹುದು. ಹಲ್ಲಿಗಳನ್ನು ಸಾಕುವವರೂ ಬಹಳ ಕಾಲ ಹಾಗೆಯೇ ನಂಬಿದ್ದರು. ಆ ನಂಬಿಕೆ ಪೂರ್ತಿ ಸರಿಯಲ್ಲ ಎಂದು ಹೇಗೆ ತಿಳಿಯಿತು? ಬನ್ನಿ, ನೋಡೋಣ.

ಗಾಜಿನ ಪೆಟ್ಟಿಗೆಯ ಅತಿಥಿ

‘ಹಲ್ಲಿಯನ್ನು ಸಾಕುತ್ತಾರೆಯೇ?’ ಎಂದು ನಗಬೇಡಿ. ಅಮೆರಿಕ ಮತ್ತು ಯುರೋಪಿನ ದೇಶಗಳಲ್ಲಿ ದಶಕಗಳಿಂದ ಹಲ್ಲಿಗಳನ್ನು ಮನೆಯಲ್ಲಿ ಸಾಕುತ್ತಾ ಬಂದಿದ್ದಾರೆ. ಅವುಗಳಲ್ಲಿ ಹೆಸರಾದದ್ದು ಲೆಪರ್ಡ್ ಗೆಕೊ. ಹಳದಿ ಮೈಮೇಲೆ ಚಿರತೆಗಿರುವಂತೆ ಕಪ್ಪು ಚುಕ್ಕೆಗಳಿರುವುದರಿಂದ ಇದಕ್ಕೆ ಈ ಹೆಸರು ಬಂತು. ನಾವು ಇದನ್ನು ಚಿರತೆ ಹಲ್ಲಿ ಎಂದು ಕರೆಯೋಣ. ಇದರ ತವರು ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ, ಕಲ್ಲುಗಾಡು ಪ್ರದೇಶ.

ಚಿರತೆ ಹಲ್ಲಿಗೂ ನಮ್ಮ ಗೋಡೆಯ ಹಲ್ಲಿಗೂ ಕೆಲವು ವ್ಯತ್ಯಾಸಗಳಿವೆ. ಗೋಡೆಯ ಹಲ್ಲಿಗೆ ಕಣ್ಣು ಮುಚ್ಚಲು ರೆಪ್ಪೆಗಳಿಲ್ಲ. ಅದು ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿಗೆ ರೆಪ್ಪೆಗಳಿವೆ. ಗೋಡೆಯ ಹಲ್ಲಿಯ ಬೆರಳುಗಳ ಕೆಳಗೆ ಅಂಟಿಕೊಳ್ಳುವ ಪಟ್ಟಿಗಳಿವೆ. ಚಿರತೆ ಹಲ್ಲಿಗೆ ಅವು ಇಲ್ಲದ ಕಾರಣ ಅದು ಗಾಜಿನ ಮೇಲೆ ಏರಲಾರದು. ಅದರ ದಪ್ಪ ಬಾಲದಲ್ಲಿ ಕೊಬ್ಬು ಸಂಗ್ರಹವಾಗಿರುತ್ತದೆ. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 20ರಿಂದ 25 ಸೆಂಟಿಮೀಟರ್. ಚೆನ್ನಾಗಿ ನೋಡಿಕೊಂಡರೆ 15 ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ‘ಚೆನ್ನಾಗಿ ನೋಡಿಕೊಂಡರೆ’ ಎಂಬ ಮಾತು ಮುಖ್ಯ. ಏಕೆಂದರೆ ಗಾಜಿನ ಪೆಟ್ಟಿಗೆಯಲ್ಲಿರುವ ಹಲ್ಲಿ ತನಗೆ ಬೇಕಾದುದನ್ನು ತಾನೇ ಹುಡುಕಿಕೊಳ್ಳಲಾರದು. ಬೆಳಕು, ಶಾಖ, ಆಹಾರ ಎಲ್ಲವನ್ನೂ ಸಾಕಿದವರೇ ಒದಗಿಸಬೇಕು.

ಮೂಳೆ ಎಂಬ ಕಣಜ

ಒಂದು ಚಿರತೆ ಹಲ್ಲಿಯ ಮರಿಯನ್ನು ಊಹಿಸಿಕೊಳ್ಳಿ. ಅದಕ್ಕೆ ದಿನವೂ ಹೊಟ್ಟೆ ತುಂಬ ಹುಳು ಸಿಗುತ್ತದೆ. ಪೆಟ್ಟಿಗೆ ಚೊಕ್ಕಟವಾಗಿದೆ. ಆದರೂ ಕೆಲವು ತಿಂಗಳಲ್ಲಿ ಅದರ ನಡಿಗೆ ಬದಲಾಗುತ್ತದೆ. ಮೈ ಎತ್ತಿ ನಡೆಯುತ್ತಿದ್ದ ಮರಿ ಈಗ ಹೊಟ್ಟೆ ಎಳೆದುಕೊಂಡು ತೆವಳುತ್ತದೆ. ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ಬೆರಳುಗಳು ನಡುಗುತ್ತವೆ. ದವಡೆ ಮೆತ್ತಗಾಗಿ ಹುಳುವನ್ನು ಕಚ್ಚಿ ಹಿಡಿಯಲು ಆಗುವುದಿಲ್ಲ. ತಿನ್ನಲು ಆಹಾರ ಮುಂದೆಯೇ ಇದ್ದರೂ ಅದು ಸೊರಗುತ್ತದೆ.

ಇದು ಮೂಳೆಯ ರೋಗ. ಇದಕ್ಕೆ ಕಾರಣ ಕ್ಯಾಲ್ಸಿಯಂ ಕೊರತೆ.

ಕ್ಯಾಲ್ಸಿಯಂ ಎಂದರೆ ಮೂಳೆ, ಹಲ್ಲು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಸ್ನಾಯುಗಳು ಸಂಕುಚಿಸಲು, ಹೃದಯ ಬಡಿಯಲು, ನರಗಳು ಸಂದೇಶ ಒಯ್ಯಲು ಕೂಡ ಕ್ಯಾಲ್ಸಿಯಂ ಬೇಕು. ಆದ್ದರಿಂದ ರಕ್ತದಲ್ಲಿ ಅದು ಸದಾ ನಿರ್ದಿಷ್ಟ ಪ್ರಮಾಣದಲ್ಲಿ ಇರಲೇಬೇಕು. ಆಹಾರದಿಂದ ಸಾಕಷ್ಟು ಬಾರದಿದ್ದರೆ ಶರೀರ ಏನು ಮಾಡುತ್ತದೆ? ಹೊಲದಿಂದ ಬೆಳೆ ಬಾರದ ವರ್ಷ ರೈತರು ಕಣಜದಿಂದ ಕಾಳು ತೆಗೆಯುವುದಿಲ್ಲವೆ? ಹಾಗೆಯೇ ಶರೀರ ಮೂಳೆಗಳಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುತ್ತದೆ. ಕಣಜ ಬರಿದಾದಂತೆ ಮೂಳೆ ಮೆತ್ತಗಾಗುತ್ತದೆ.

ಮಾಡಿ ನೋಡಿ – 1

ಒಂದು ಹಸಿ ಕೋಳಿಮೊಟ್ಟೆಯನ್ನು ಲೋಟದಲ್ಲಿಟ್ಟು ಅದು ಮುಳುಗುವಷ್ಟು ವಿನೆಗರ್ ಸುರಿಯಿರಿ. ಚಿಪ್ಪಿನ ಮೇಲೆ ಸಣ್ಣ ಗುಳ್ಳೆಗಳು ಏಳುವುದನ್ನು ಗಮನಿಸಿ. ಮರುದಿನ ವಿನೆಗರ್ ಬದಲಿಸಿ. ಎರಡು ದಿನಗಳ ನಂತರ ಮೊಟ್ಟೆಯನ್ನು ನೀರಿನಲ್ಲಿ ಮೆಲ್ಲಗೆ ತೊಳೆದು ಮುಟ್ಟಿ ನೋಡಿ. ಗಟ್ಟಿ ಚಿಪ್ಪು ಮಾಯವಾಗಿ ತೆಳು ಪೊರೆ ಮಾತ್ರ ಉಳಿದಿರುತ್ತದೆ. ಚಿಪ್ಪಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದಲ್ಲಿ ಕರಗಿತು; ಗುಳ್ಳೆಗಳಾಗಿ ಹೊರಬಂದದ್ದು ಕಾರ್ಬನ್ ಡೈಆಕ್ಸೈಡ್.

ತೊಳೆದ ಕೋಳಿಯ ಕಾಲಿನ ಸಣ್ಣ ಮೂಳೆಯನ್ನು ಇದೇ ರೀತಿ ಒಂದು ವಾರ ಇಟ್ಟರೆ ಅದು ರಬ್ಬರಿನಂತೆ ಬಾಗುತ್ತದೆ. ಕಾಯಿಲೆಯ ಹಲ್ಲಿಯ ಮೂಳೆ ವಿನೆಗರ್‌ನಲ್ಲಿ ಮುಳುಗಿರುವುದಿಲ್ಲ, ನಿಜ. ಆದರೆ ಕ್ಯಾಲ್ಸಿಯಂ ಹೊರಟುಹೋದ ಮೂಳೆ ಹೇಗಿರುತ್ತದೆ ಎಂಬುದು ನಿಮ್ಮ ಕೈಗೇ ತಿಳಿಯುತ್ತದೆ. ಪ್ರಯೋಗವನ್ನು ಶಿಕ್ಷಕರ ಎದುರಿನಲ್ಲಿ ಮಾಡಿ. ಕೊನೆಗೆ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ.

ಬಾಗಿಲು ತೆರೆಯುವ ವಿಟಮಿನ್

‘ಹಾಗಾದರೆ ಕ್ಯಾಲ್ಸಿಯಂ ತಿನ್ನಿಸಿದರೆ ಆಯಿತಲ್ಲ?’ ಎಂದು ನೀವು ಕೇಳಬಹುದು. ತಿನ್ನಿಸಿದರೆ ಮಾತ್ರ ಸಾಲದು. ತಿಂದ ಕ್ಯಾಲ್ಸಿಯಂ ಸಣ್ಣಕರುಳಿನಿಂದ ರಕ್ತಕ್ಕೆ ಸೇರಬೇಕು. ಅದಕ್ಕೆ ವಿಟಮಿನ್ ಡಿ ಬೇಕು. ಬಾಗಿಲಿಗೆ ಬಂದ ಅತಿಥಿಯನ್ನು ಒಳಕ್ಕೆ ಕರೆಯುವ ಕೆಲಸ ಅದರದು. ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂನ ಹೆಚ್ಚಿನ ಭಾಗ ಮಲದೊಂದಿಗೆ ಹೊರಹೋಗುತ್ತದೆ.

ವಿಟಮಿನ್ ಡಿ ಎಲ್ಲಿಂದ ಬರುತ್ತದೆ? ಸ್ವಲ್ಪ ಭಾಗ ಆಹಾರದಿಂದ. ಉಳಿದದ್ದನ್ನು ಚರ್ಮವೇ ತಯಾರಿಸುತ್ತದೆ, ಬಿಸಿಲಿನ ನೆರವಿನಿಂದ.

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಏಳು ಬಣ್ಣಗಳಲ್ಲದೆ ಕಾಣದ ಕಿರಣಗಳೂ ಇವೆ. ನೇರಳೆ ಬಣ್ಣದ ಆಚೆಗಿರುವ ಕಿರಣಗಳನ್ನು ನೇರಳಾತೀತ ಕಿರಣಗಳು ಎನ್ನುತ್ತಾರೆ. ಅವುಗಳಲ್ಲಿ ಒಂದು ಬಗೆ ಯುವಿ-ಬಿ. ಇದರ ತರಂಗದೂರ 280ರಿಂದ 315 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ನ್ಯಾನೋಮೀಟರ್!

ಚರ್ಮದಲ್ಲಿ ಕೊಲೆಸ್ಟರಾಲ್‌ನ ಹತ್ತಿರದ ಸಂಬಂಧಿಯಾದ ಒಂದು ವಸ್ತು ಇದೆ. ಯುವಿ-ಬಿ ಕಿರಣ ತಾಗಿದಾಗ ಅದರ ರಚನೆ ಬದಲಾಗುತ್ತದೆ. ಆಮೇಲೆ ಮೈಯ ಶಾಖದಿಂದ ಅದು ವಿಟಮಿನ್ ಡಿ3 ಆಗುತ್ತದೆ. ಈ ಡಿ3 ರಕ್ತದೊಡನೆ ಮೊದಲು ಯಕೃತ್ತಿಗೆ, ಅಲ್ಲಿಂದ ಮೂತ್ರಪಿಂಡಕ್ಕೆ ಹೋಗಿ ಎರಡು ಬದಲಾವಣೆಗಳನ್ನು ಪಡೆದ ನಂತರವೇ ಕೆಲಸಕ್ಕೆ ಸಿದ್ಧವಾಗುತ್ತದೆ. ಮನುಷ್ಯರಲ್ಲೂ ಹಲ್ಲಿಗಳಲ್ಲೂ ನಡೆಯುವುದು ಇದೇ ಕ್ರಮ. ಹಲ್ಲಿಯ ಮೈ ಹೊರಗಿನ ಶಾಖಕ್ಕೆ ತಕ್ಕಂತೆ ಬಿಸಿಯಾಗುವುದರಿಂದ ಅದಕ್ಕೆ ಬೆಳಕಿನ ಜೊತೆಗೆ ಬೆಚ್ಚನೆಯ ಜಾಗವೂ ಬೇಕು.

ಬರ್ಲಿನ್ನಿನ ನಾಲ್ಕು ಮಕ್ಕಳು

ಬೆಳಕಿಗೂ ಮೂಳೆಗೂ ಇರುವ ಈ ನಂಟು ಮೊದಲು ತಿಳಿದದ್ದು ಮಕ್ಕಳ ಕಾಯಿಲೆಯಿಂದ. ಯುರೋಪಿನ ಹೊಗೆ ತುಂಬಿದ ನಗರಗಳಲ್ಲಿ ಬಿಸಿಲು ಕಾಣದೆ ಬೆಳೆದ ಅನೇಕ ಮಕ್ಕಳ ಕಾಲುಗಳು ಬಾಗುತ್ತಿದ್ದವು. ಈ ರೋಗದ ಹೆಸರು ರಿಕೆಟ್ಸ್. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಅವರು ಇಂಥ ನಾಲ್ಕು ಮಕ್ಕಳಿಗೆ ಪಾದರಸದ ದೀಪದ ಬೆಳಕು ಹಾಯಿಸಿದರು. ಆ ದೀಪದಿಂದ ನೇರಳಾತೀತ ಕಿರಣಗಳು ಬರುತ್ತಿದ್ದವು. ಮೂಳೆಗಳು ಗಟ್ಟಿಯಾಗುತ್ತಿರುವುದು ಎಕ್ಸ್-ರೇ ಚಿತ್ರಗಳಲ್ಲಿ ಕಂಡಿತು.

ಅವರು ಇನ್ನೊಂದು ಸಂಗತಿಯನ್ನೂ ಗಮನಿಸಿದರು. ಒಂದು ತೋಳಿಗೆ ಮಾತ್ರ ಬೆಳಕು ಹಾಯಿಸಿದರೂ ಎರಡೂ ತೋಳುಗಳ ಮೂಳೆ ವಾಸಿಯಾಗುತ್ತಿತ್ತು. ಇದು ಹೇಗೆ ಸಾಧ್ಯ? ಮುಂದೆ ಓದುವ ಮೊದಲು ಸ್ವಲ್ಪ ಯೋಚಿಸಿ.

ಬೆಳಕು ಮೂಳೆಯನ್ನು ನೇರವಾಗಿ ಗಟ್ಟಿ ಮಾಡುತ್ತಿರಲಿಲ್ಲ. ಚರ್ಮದಲ್ಲಿ ಏನೋ ಒಂದು ತಯಾರಾಗಿ, ರಕ್ತದೊಡನೆ ಮೈಯೆಲ್ಲ ಸಂಚರಿಸುತ್ತಿತ್ತು. ಆ ‘ಏನೋ ಒಂದು’ ವಿಟಮಿನ್ ಡಿ ಎಂದು ಮುಂದಿನ ವರ್ಷಗಳಲ್ಲಿ ತಿಳಿಯಿತು.

ಹುಳುವಿಗೆ ಪುಡಿ ಹಚ್ಚುವುದು

ಸಾಕಿದ ಹಲ್ಲಿಗೆ ಸಾಮಾನ್ಯವಾಗಿ ಕೊಡುವುದು ರಾತ್ರಿ ಕಿರ್ರೆಂದು ಕೂಗುವ ಕ್ರಿಕೆಟ್ ಹುಳು, ಇಲ್ಲವೆ ಹಿಟ್ಟಿನಲ್ಲಿ ಬೆಳೆಯುವ ಒಂದು ಬಗೆಯ ಮರಿಹುಳು. ಹುಳುಗಳಿಗೆ ನಮ್ಮಂತೆ ಮೂಳೆಗಳಿಲ್ಲ. ಹಾಗಾಗಿ ಅವುಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ರಂಜಕ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೆ ಹಲ್ಲಿಯ ಆಹಾರದಲ್ಲಿ ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಸುಮಾರು ಎರಡು ಪಾಲು ಇರಬೇಕು. ರಂಜಕ ಮಿತಿಮೀರಿದರೆ ಕ್ಯಾಲ್ಸಿಯಂ ರಕ್ತಕ್ಕೆ ಸೇರುವುದಕ್ಕೂ ಅಡ್ಡಿಯಾಗುತ್ತದೆ.

ಆದ್ದರಿಂದ ಸಾಕುವವರು ಎರಡು ಉಪಾಯ ಮಾಡುತ್ತಾರೆ. ಮೊದಲನೆಯದು, ಹುಳುಗಳಿಗೇ ಒಂದೆರಡು ದಿನ ಮೊದಲು ಸೊಪ್ಪು, ಗಜ್ಜರಿ ಮುಂತಾದ ಒಳ್ಳೆಯ ಮೇವು ತಿನ್ನಿಸುವುದು. ಹುಳುವಿನ ಹೊಟ್ಟೆಯಲ್ಲಿರುವುದು ಹಲ್ಲಿಯ ಹೊಟ್ಟೆಗೆ ಸೇರುತ್ತದಲ್ಲವೆ? ಎರಡನೆಯದು, ಕ್ಯಾಲ್ಸಿಯಂ ಪುಡಿಯಿರುವ ಚೀಲದಲ್ಲಿ ಹುಳುಗಳನ್ನು ಹಾಕಿ ಮೆಲ್ಲಗೆ ಅಲುಗಿಸುವುದು. ಹಿಟ್ಟಿನಲ್ಲಿ ಹೊರಳಿಸಿದ ಬಜ್ಜಿ ಮೆಣಸಿನಕಾಯಿಯಂತೆ ಹುಳುವಿನ ಮೈಗೆ ಪುಡಿ ಅಂಟಿಕೊಳ್ಳುತ್ತದೆ.

ನೀವೇ ಲೆಕ್ಕ ಹಾಕಿ: ಒಂದು ಹುಳುವಿನಲ್ಲಿ ಕ್ಯಾಲ್ಸಿಯಂ 1 ಪಾಲು, ರಂಜಕ 9 ಪಾಲು ಇದೆ ಎಂದುಕೊಳ್ಳೋಣ. ಕ್ಯಾಲ್ಸಿಯಂ ಮತ್ತು ರಂಜಕದ ಅನುಪಾತ 2:1 ಆಗಬೇಕಾದರೆ ಇನ್ನೂ ಎಷ್ಟು ಪಾಲು ಕ್ಯಾಲ್ಸಿಯಂ ಸೇರಿಸಬೇಕು?

ಒಂದು ನಂಬಿಕೆ, ಒಂದು ಪ್ರಯೋಗ

ಕ್ಯಾಲ್ಸಿಯಂ ಆಯಿತು. ವಿಟಮಿನ್ ಡಿ3? ‘ಚಿರತೆ ಹಲ್ಲಿ ರಾತ್ರಿಯ ಪ್ರಾಣಿ. ಅದಕ್ಕೆ ಬಿಸಿಲಿನ ದೀಪ ಬೇಡ. ಡಿ3 ಬೆರೆಸಿದ ಪುಡಿ ಕೊಟ್ಟರೆ ಸಾಕು’ ಎಂದು ಸಾಕುವವರು ಬಹಳ ಕಾಲ ಹೇಳುತ್ತಿದ್ದರು. ಪುಡಿಯಿಂದಲೇ ಅನೇಕ ಹಲ್ಲಿಗಳು ಬದುಕಿ ಬೆಳೆದದ್ದೂ ನಿಜ. ಆದರೆ ರಾತ್ರಿಯ ಹಲ್ಲಿಯ ಚರ್ಮಕ್ಕೆ ಬೆಳಕನ್ನು ಬಳಸುವ ಶಕ್ತಿಯೇ ಇಲ್ಲವೆ? ಪ್ರಯೋಗ ಮಾಡದೆ ಹೇಳುವುದು ಹೇಗೆ?

2000ನೇ ಇಸವಿಯಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಸಂಶೋಧಕರು ಅಮೆರಿಕದಲ್ಲಿ ವಾಸಿಸುವ ಎರಡು ಪ್ರಾಣಿಗಳನ್ನು ಹೋಲಿಸಿದರು. ಒಂದು, ಹಗಲಿನಲ್ಲಿ ಬಿಸಿಲು ಕಾಯುವ ಟೆಕ್ಸಾಸಿನ ಮುಳ್ಳುಮೈಯ ಓತಿ. ಇನ್ನೊಂದು, ರಾತ್ರಿ ಸಂಚರಿಸುವ ಗೋಡೆಯ ಹಲ್ಲಿ. ಈ ಹಲ್ಲಿ ನಮ್ಮ ಮನೆಯ ಹಲ್ಲಿಯ ಹತ್ತಿರದ ಬಂಧು. ಎರಡರ ಚರ್ಮಕ್ಕೂ ಯುವಿ-ಬಿ ಕಿರಣ ತಾಗಿಸಿ ನೋಡಿದರು. ಯಾವುದರ ಚರ್ಮ ಹೆಚ್ಚು ಚುರುಕಾಗಿ ವಿಟಮಿನ್ ಡಿ ತಯಾರಿಸಿರಬಹುದು?

ರಾತ್ರಿಯ ಹಲ್ಲಿಯದು! ದಿನವೆಲ್ಲ ಬಿಸಿಲಿನಲ್ಲಿರುವ ಓತಿಗೆ ಕಿರಣಗಳಿಗೆ ಬರವಿಲ್ಲ. ಹಲ್ಲಿಗೆ ಸಿಗುವುದು ಸಂದಿಯೊಳಗೆ ಇಣುಕುವ ಬೆಳಕು, ಮುಂಜಾನೆ ಮತ್ತು ಮುಸ್ಸಂಜೆಯ ಬೆಳಕು ಮಾತ್ರ. ಆ ಸ್ವಲ್ಪವನ್ನೇ ಚೆನ್ನಾಗಿ ಬಳಸಿಕೊಳ್ಳುವ ಚರ್ಮ ಅದಕ್ಕಿದೆ.

ಚಿರತೆ ಹಲ್ಲಿಯ ವಿಷಯವೂ ಹೀಗೆಯೇ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕೆಲವು ಚಿರತೆ ಹಲ್ಲಿಗಳಿಗೆ ದಿನಕ್ಕೆ ಎರಡು ಗಂಟೆ ಮಾತ್ರ ಯುವಿ-ಬಿ ದೀಪ ಹಾಕಿದರು. ಉಳಿದವಕ್ಕೆ ಹಾಕಲಿಲ್ಲ. ದೀಪ ಕಂಡ ಹಲ್ಲಿಗಳ ರಕ್ತದಲ್ಲಿ ವಿಟಮಿನ್ ಡಿ ಪ್ರಮಾಣ ಹೆಚ್ಚಾಗಿತ್ತು. ಒಂದು ಗುಂಪಿಗೆ ದೀಪ ಹಾಕದೆ ಬಿಟ್ಟದ್ದು ಏಕೆ ಎಂದು ಯೋಚಿಸಿ. ಹೋಲಿಸಲು ಎರಡನೆಯ ಗುಂಪು ಇಲ್ಲದಿದ್ದರೆ ಬದಲಾವಣೆಗೆ ದೀಪವೇ ಕಾರಣ ಎಂದು ಹೇಳಲು ಬರುವುದಿಲ್ಲ.

ಎಂಥ ದೀಪ? ಎಷ್ಟು ಬೆಳಕು?

‘ಹಾಗಾದರೆ ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟರೆ ಆಯಿತು’ ಎಂದಿರಾ? ಎರಡು ಕಾರಣಗಳಿಂದ ಅದು ತಪ್ಪು. ಸಾಮಾನ್ಯ ಕಿಟಕಿ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಬಿಡುತ್ತದೆ. ಯುವಿ-ಬಿ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯುತ್ತದೆ. ಜೊತೆಗೆ, ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಬೇಗನೆ ಒಲೆಯಂತೆ ಕಾದು ಒಳಗಿರುವ ಪ್ರಾಣಿ ಸಾಯಬಹುದು.

ಮನೆಯ ಸಾಮಾನ್ಯ ಬಲ್ಬುಗಳಿಂದಲೂ ಬೇಕಾದಷ್ಟು ಯುವಿ-ಬಿ ಬರುವುದಿಲ್ಲ. ಅದಕ್ಕಾಗಿಯೇ ತಯಾರಿಸಿದ ಕೊಳವೆ ದೀಪಗಳಿವೆ. ಇವುಗಳ ಒಂದು ಗುಟ್ಟು ಕೇಳಿ. ತಿಂಗಳುಗಳು ಕಳೆದಂತೆ ಇವುಗಳಿಂದ ಬರುವ ಯುವಿ-ಬಿ ಕಡಿಮೆಯಾಗುತ್ತದೆ. ಆದರೆ ಕಣ್ಣಿಗೆ ಕಾಣುವ ಬೆಳಕು ಮೊದಲಿನಂತೆಯೇ ಇರುತ್ತದೆ! ದೀಪ ಉರಿಯುತ್ತಿದೆ ಎಂದು ಸಾಕಿದವರು ಸುಮ್ಮನಿರುತ್ತಾರೆ. ಹಲ್ಲಿಯ ಮೂಳೆ ಸವೆಯುತ್ತಿರುತ್ತದೆ. ಆದ್ದರಿಂದ ಮೀಟರ್ ಹಿಡಿದು ಅಳೆಯಬೇಕು, ಇಲ್ಲವೆ ತಯಾರಕರು ಹೇಳಿದ ಅವಧಿಗೆ ದೀಪ ಬದಲಿಸಬೇಕು.

ಎಷ್ಟು ಬೆಳಕು ಬೇಕೆಂದು ತಿಳಿಯುವುದು ಹೇಗೆ? ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು ಜಮೈಕಾ ಮತ್ತು ಅಮೆರಿಕದಲ್ಲಿ ಹಲ್ಲಿ, ಓತಿ, ಹಾವುಗಳು ಬಯಲಿನಲ್ಲಿ ಇದ್ದ ಜಾಗದಲ್ಲೇ ಮೀಟರ್ ಹಿಡಿದು ಅಳೆದರು. 2010ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಪ್ರಾಣಿಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಬಿಸಿಲಿನ ತೀವ್ರತೆ ಹೇಳುವ ಯುವಿ ಸೂಚ್ಯಂಕ ನಮ್ಮ ರಾಜ್ಯದಲ್ಲಿ ಬೇಸಿಗೆಯ ನಡುಹಗಲು 11ನ್ನೂ ದಾಟುತ್ತದೆ. ನೆರಳಲ್ಲಿರುವ, ಮುಸ್ಸಂಜೆಗೆ ಓಡಾಡುವ ಮೊದಲ ಗುಂಪಿನ ಪ್ರಾಣಿಗಳಿಗೆ ಸಿಗುವ ಸರಾಸರಿ 0.7 ಅಥವಾ ಅದಕ್ಕೂ ಕಡಿಮೆ. ಚಿರತೆ ಹಲ್ಲಿಯನ್ನೂ ಈ ಗುಂಪಿಗೇ ಸೇರಿಸುತ್ತಾರೆ. ಅಂದರೆ ಅದಕ್ಕೆ ಬೇಕಾದದ್ದು ಬಹಳ ಮಂದವಾದ ಯುವಿ-ಬಿ. ತೀವ್ರ ದೀಪ ಹಾಕಿದರೆ ಕಣ್ಣು, ಚರ್ಮ ಸುಡುತ್ತವೆ. ಹೀಗಾಗಿ ಪೆಟ್ಟಿಗೆಯ ಒಂದು ಬದಿ ಬೆಳಕು ಮತ್ತು ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖ, ಇನ್ನೊಂದು ಬದಿ ನೆರಳು ಮತ್ತು ಸುಮಾರು 25 ಡಿಗ್ರಿ, ನಡುವೆ ಅಡಗಲು ಗೂಡುಗಳು ಇರಬೇಕು. ಎಲ್ಲಿರಬೇಕೆಂದು ಹಲ್ಲಿಯೇ ಆರಿಸಿಕೊಳ್ಳುತ್ತದೆ. ರಾತ್ರಿ ದೀಪ ಆರಿಸಬೇಕು. ಅದಕ್ಕೂ ಕತ್ತಲೆ ಬೇಕು.

ಹೆಚ್ಚಾದರೂ ಕಷ್ಟ

ಒಳ್ಳೆಯದೆಂದು ಪುಡಿಯನ್ನು ಮಿತಿಮೀರಿ ಕೊಡಬಹುದೆ? ಕೊಡಬಾರದು. ವಿಟಮಿನ್ ಎ ಮತ್ತು ಡಿ ಕೊಬ್ಬಿನಲ್ಲಿ ಕರಗುವಂಥವು. ಅವು ಹೆಚ್ಚಾದರೆ ಮೂತ್ರದಲ್ಲಿ ಸುಲಭವಾಗಿ ಹೊರಹೋಗದೆ ಶರೀರದಲ್ಲೇ ಉಳಿಯುತ್ತವೆ. ಡಿ3 ಅತಿಯಾದರೆ ಕ್ಯಾಲ್ಸಿಯಂ ಮೂತ್ರಪಿಂಡ, ರಕ್ತನಾಳಗಳಂಥ ಮೆದು ಅಂಗಗಳಲ್ಲಿ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ವಿಟಮಿನ್ ಎ ಕಡಿಮೆಯಾದರೆ ಕಣ್ಣು ಊದಿಕೊಳ್ಳುತ್ತದೆ, ಪೊರೆ ಸರಿಯಾಗಿ ಕಳಚುವುದಿಲ್ಲ. ಹೆಚ್ಚಾದರೆ ಅದೂ ವಿಷವೇ.

ಬೆಳಕಿನಿಂದಾಗುವ ಡಿ3ಗೆ ಪ್ರಕೃತಿಯೇ ಒಂದು ತಡೆ ಇಟ್ಟಿದೆ. ಸಾಕಷ್ಟು ತಯಾರಾದ ಮೇಲೂ ಕಿರಣ ತಾಗುತ್ತಿದ್ದರೆ, ಮೊದಲ ಹಂತದ ವಸ್ತು ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಬದಲಾಗಿಬಿಡುತ್ತದೆ. ಪುಡಿಯಲ್ಲಿ ತಿಂದ ಡಿ3ಗೆ ಈ ತಡೆ ಇಲ್ಲ. ಅದಕ್ಕೇ ದೀಪ ಇರುವಾಗ ಡಿ3 ಪುಡಿ ಕಡಿಮೆ ಸಾಕು, ದೀಪ ಇಲ್ಲದಿದ್ದರೆ ಅದು ಬೇಕೇ ಬೇಕು. ಎಷ್ಟು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ಮಾಡಿ ನೋಡಿ – 2

ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ 8, 10, ಮಧ್ಯಾಹ್ನ 12.30, ಸಂಜೆ 4 ಗಂಟೆಗೆ ಅದರ ನೆರಳನ್ನು ಅಳೆದು ಬರೆದಿಡಿ. ನೆರಳು ಕೋಲಿಗಿಂತ ಉದ್ದವಾಗಿದ್ದರೆ ಸೂರ್ಯ ಕೆಳಗಿದ್ದಾನೆ. ಆಗ ಕಿರಣಗಳು ಹೆಚ್ಚು ಗಾಳಿಯನ್ನು ಹಾದುಬರಬೇಕಾಗಿ ಯುವಿ-ಬಿ ಕಡಿಮೆಯಾಗುತ್ತದೆ. ನೆರಳು ಕೋಲಿಗಿಂತ ಗಿಡ್ಡವಾಗಿದ್ದರೆ ಯುವಿ-ಬಿ ಹೆಚ್ಚು. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ.

ನಮ್ಮ ಗೋಡೆಯ ಹಲ್ಲಿ

ನಮ್ಮ ಗೋಡೆಯ ಹಲ್ಲಿಗೆ ಪುಡಿ ಹಾಕುವವರಿಲ್ಲ, ದೀಪ ಬದಲಿಸುವವರಿಲ್ಲ. ಬಗೆಬಗೆಯ ಹುಳು, ಜೇಡಗಳನ್ನು ತಿಂದು, ಬೇಕಾದಾಗ ಬೆಳಕಿಗೆ ಬಂದು, ಬೇಡವಾದಾಗ ಸಂದಿಗೆ ಸೇರಿ ಅದು ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ.

ಮುಂದಿನ ಸಲ ಅದನ್ನು ಕಂಡಾಗ ಕತ್ತಿನ ಎರಡು ಬದಿಗಳನ್ನು ಗಮನಿಸಿ. ಕೆಲವು ಹಲ್ಲಿಗಳಲ್ಲಿ, ಅದರಲ್ಲೂ ಹೆಣ್ಣು ಹಲ್ಲಿಗಳಲ್ಲಿ, ಅಲ್ಲಿ ಬಿಳಿಯ ಉಬ್ಬು ಕಾಣುತ್ತದೆ. ಅದು ಗಾಯವಲ್ಲ, ಗಂಟಲಲ್ಲಿ ಸಿಕ್ಕಿಕೊಂಡ ಹುಳುವೂ ಅಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿದ ಚೀಲ! ಗೋಡೆಯ ಹಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಗಟ್ಟಿ ಚಿಪ್ಪಿನ ಎರಡು ಮೊಟ್ಟೆ ಇಡುತ್ತದೆ. ಅದಕ್ಕೆ ಬೇಕಾದ ಸುಣ್ಣವನ್ನು ಹೀಗೆ ಕೂಡಿಟ್ಟುಕೊಳ್ಳುತ್ತದೆ. ನೋಡಿ ತಿಳಿಯಲು ಹಲ್ಲಿಯನ್ನು ಹಿಡಿಯಬೇಕಾಗಿಲ್ಲ. ಕಾಡಿನ ಪ್ರಾಣಿಗಳನ್ನಂತೂ ತಂದು ಸಾಕಬೇಡಿ. ನಮ್ಮ ದೇಶದ ಅನೇಕ ಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಇನ್ನು ನಿಮ್ಮ ಮೂಳೆಗಳ ಕಣಜ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಸೊಪ್ಪುಗಳಲ್ಲೂ ಇದೆ. ರಾಗಿಮುದ್ದೆ ಉಂಡು ಅಂಗಳದ ಬಿಸಿಲಿನಲ್ಲಿ ಆಡಿ ಬಂದ ದಿನ ನಿಮ್ಮ ಕಣಜಕ್ಕೆ ಕಾಳೂ ಬಂದಿರುತ್ತದೆ, ಬಾಗಿಲೂ ತೆರೆದಿರುತ್ತದೆ.

ಉತ್ತರಿಸಿ

1. ಹುಲ್ಡ್‌ಶಿನ್‌ಸ್ಕಿ ಅವರು ಒಂದು ತೋಳಿಗೆ ಮಾತ್ರ ಬೆಳಕು ಹಾಯಿಸಿದರೂ ಎರಡೂ ತೋಳುಗಳು ವಾಸಿಯಾದದ್ದು ಏಕೆ?

2. ದೀಪ ಪ್ರಕಾಶಮಾನವಾಗಿ ಉರಿಯುತ್ತಿದ್ದರೂ ಹಲ್ಲಿಗೆ ಅದರಿಂದ ಪ್ರಯೋಜನವಿಲ್ಲದಿರಬಹುದು. ಹೇಗೆ?

3. ಮುಚ್ಚಿದ ಗಾಜಿನ ಕಿಟಕಿಯ ಒಳಗೆ ಕುಳಿತು ಬಿಸಿಲು ಕಾಯಿಸಿಕೊಂಡರೆ ನಮಗೆ ವಿಟಮಿನ್ ಡಿ ಸಿಗುತ್ತದೆಯೆ? ಕಾರಣ ಕೊಡಿ.

4. ಒಂದು ವಾರ ನಿಮ್ಮ ಮನೆಯ ಹಲ್ಲಿಯನ್ನು ಗಮನಿಸಿ. ಅದು ಎಷ್ಟು ಗಂಟೆಗೆ ಹೊರಬರುತ್ತದೆ, ಏನನ್ನು ತಿನ್ನುತ್ತದೆ, ಹಗಲಿನಲ್ಲಿ ಎಲ್ಲಿರುತ್ತದೆ, ಬೆಳಕಿನಲ್ಲಿ ಕಾಣುವುದುಂಟೆ? ಕಂಡದ್ದನ್ನು ಕಂಡಂತೆಯೇ ಬರೆದು ತರಗತಿಯಲ್ಲಿ ಓದಿ ಹೇಳಿ.